ಸಹಿ ಯಾರದ್ದು ಅಂತ ಲಿನಕ್ಸ್ ಕೇಳುತ್ತೆ, ಬಾಯಿ ಮುಚ್ಚಿಸಬೇಡಿ

ಉಬುಂಟುವಿನಲ್ಲಿ ಹೊರಗಿನ ರೆಪಾಸಿಟರಿಯಿಂದ ಸಾಫ್ಟ್‌ವೇರ್ ಹಾಕಲು ಹೋದಾಗ 'ನೋ ಪಬ್‌ಕೀ' ಎಂಬ ಎರರ್ ಬರುತ್ತೆ. ಇಂಟರ್ನೆಟ್‌ನಲ್ಲಿ ಹುಡುಕಿದರೆ ಒಂದೇ ಸಾಲಿನ ಪರಿಹಾರವೂ ಸಿಗುತ್ತೆ: ರೆಪಾಸಿಟರಿ ವಿವರದಲ್ಲಿ 'ಟ್ರಸ್ಟೆಡ್=ಯೆಸ್' ಅಂತ ಸೇರಿಸಿ. ಎರರ್ ಮಾಯ! ಆದರೆ ನೀವು ಮಾಡಿದ್ದು ರಿಪೇರಿಯಲ್ಲ, ಕಾವಲುಗಾರನಿಗೆ ರಜೆ ಕೊಟ್ಟಿದ್ದು. ಪ್ಯಾಕೇಜ್ ಇನ್‌ಸ್ಟಾಲ್ ಆಗುವಾಗ ಅದರೊಳಗಿನ ಸ್ಕ್ರಿಪ್ಟ್‌ಗಳು ರೂಟ್ ಅಧಿಕಾರದಲ್ಲೇ ಓಡುತ್ತವೆ. ಅಂದರೆ ಇಡೀ ಕಂಪ್ಯೂಟರ್ ಅವುಗಳ ಕೈಯಲ್ಲಿ.

ಎಲ್ಲ ಸಹಿ ಎರರ್‌ಗಳೂ ಒಂದೇ ಅಲ್ಲ. 'ನೋ ಪಬ್‌ಕೀ' ಅಂದರೆ ಸಹಿ ಇದೆ, ಪರೀಕ್ಷಿಸಲು ಬೇಕಾದ ಸಾರ್ವಜನಿಕ ಕೀ ನಿಮ್ಮ ಬಳಿ ಇಲ್ಲ. 'ಎಕ್ಸ್‌ಪ್‌ಕೀಸಿಗ್' ಅಂದರೆ ಕೀ ಅವಧಿ ಮುಗಿದಿದೆ. ಇವೆರಡಕ್ಕೂ ಆ ಸಾಫ್ಟ್‌ವೇರ್‌ನ ಅಧಿಕೃತ ಸೈಟ್‌ನಿಂದ ಕೀ ತಂದು, ಫಿಂಗರ್‌ಪ್ರಿಂಟ್ ತಾಳೆ ನೋಡಿ, 'ಸೈನ್ಡ್-ಬೈ' ಮೂಲಕ ಆ ಒಂದು ರೆಪಾಸಿಟರಿಗೆ ಮಾತ್ರ ಜೋಡಿಸಬೇಕು. ಹಳೆಯ 'ಆಪ್ಟ್-ಕೀ' ವಿಧಾನದಲ್ಲಿ ಒಂದು ಕೀ ಸೇರಿಸಿದರೆ ಅದಕ್ಕೆ ಎಲ್ಲ ರೆಪಾಸಿಟರಿಗಳ ಮೇಲೂ ಅಧಿಕಾರ ಸಿಗ್ತಿತ್ತು. ಅದನ್ನು ಕೈಬಿಟ್ಟಿದ್ದು ಇದಕ್ಕೇ. 'ಬ್ಯಾಡ್‌ಸಿಗ್' ಬಂದರೆ ಮಾತ್ರ ಅಲ್ಲೇ ನಿಲ್ಲಿ: ಫೈಲ್ ಮತ್ತು ಸಹಿ ಹೊಂದುತ್ತಿಲ್ಲ. ಡೌನ್‌ಲೋಡ್ ಕೆಟ್ಟಿರಬಹುದು, ಯಾರೋ ಕೈ ಹಾಕಿರಲೂಬಹುದು.

ಇನ್ನೊಂದು ವಿಷಯ. ಡೆಬಿಯನ್ ಪದ್ಧತಿಯಲ್ಲಿ ಸಹಿ ಇರೋದು ರೆಪಾಸಿಟರಿಯ ಪಟ್ಟಿಗೆ, ಸಾಮಾನ್ಯವಾಗಿ ಬಿಡಿ 'ಡೆಬ್' ಫೈಲ್‌ಗಲ್ಲ. ಸೈಟ್‌ನಿಂದ ಫೈಲ್ ಇಳಿಸಿ ಡಬಲ್ ಕ್ಲಿಕ್ ಮಾಡಿದರೆ ಆ ತಪಾಸಣೆಯೇ ನಡೆಯಲ್ಲ. ಸೈಟನ್ನು ನಂಬೋದೂ ಸುಲಭವಲ್ಲ: 2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್‌ನ ಅಧಿಕೃತ ಸೈಟೇ ಹ್ಯಾಕ್ ಆಗಿ, ಡೌನ್‌ಲೋಡ್ ಲಿಂಕ್ ಹಿಂಬಾಗಿಲಿದ್ದ ಐಎಸ್‌ಒ ಫೈಲ್‌ಗೆ ಒಯ್ಯುತ್ತಿತ್ತು.

ಹಾಗಂತ ಸಹಿ ಇದ್ದರೆ ಸಾಕಾ? 2024ರ ಮಾರ್ಚ್‌ನಲ್ಲಿ ಬಯಲಾದ ಎಕ್ಸ್‌ಝಡ್ ಪ್ರಕರಣ ನೋಡಿ. 'ಜಿಯಾ ಟಾನ್' ಹೆಸರಿನ ವ್ಯಕ್ತಿ ಎರಡು ವರ್ಷ ಕೆಲಸ ಮಾಡಿ, ನಂಬಿಕೆ ಗಳಿಸಿ, ನಿರ್ವಾಹಕನಾಗಿ, ತನ್ನದೇ ಸಹಿಯೊಂದಿಗೆ ಹಿಂಬಾಗಿಲು ಸೇರಿಸಿದ್ದ. ಲಾಗಿನ್ ಅರ್ಧ ಸೆಕೆಂಡ್ ತಡವಾಗ್ತಿದೆ ಅಂತ ಕೆದಕಿದ ಆಂಡ್ರೆಸ್ ಫ್ರೋಯಿಂಡ್ ಅದನ್ನು ಹಿಡಿದರು. ಸಹಿ ಹೇಳೋದು ಫೈಲ್ ಯಾರಿಂದ ಬಂತು ಅನ್ನೋದನ್ನ. ಅವರು ಒಳ್ಳೆಯವರಾ ಅನ್ನೋದನ್ನಲ್ಲ. ಅದಕ್ಕೆ ಕೋಡ್ ತೆರೆದಿರಬೇಕು, ನೋಡುವ ಕಣ್ಣುಗಳೂ ಇರಬೇಕು.

ರಾಜಕೀಯ ಇರೋದು ಇಲ್ಲೇ. ಯಾರ ಸಹಿಯನ್ನು ನಂಬಬೇಕು ಅಂತ ತೀರ್ಮಾನಿಸುವವರು ಯಾರು? ಪರಿಶೀಲನೆಗೆ ಒಳಪಡದ ಡೆವಲಪರ್‌ಗಳ ಆ್ಯಪ್‌ಗಳನ್ನು, ಪ್ಲೇ ಸ್ಟೋರ್‌ನ ಹೊರಗಿನಿಂದ ತಂದರೂ, ಆಂಡ್ರಾಯ್ಡ್ ಫೋನ್‌ಗಳಲ್ಲಿ ತಡೆಯುವುದಾಗಿ ಗೂಗಲ್ 2025ರ ಆಗಸ್ಟ್‌ನಲ್ಲಿ ಘೋಷಿಸಿತು. ವಿರೋಧ ಬಂದ ಮೇಲೆ ಅನುಭವಿ ಬಳಕೆದಾರರಿಗೆ ಬೇರೆ ದಾರಿ ಕೊಡ್ತೀವಿ ಅಂದಿತು. ಸುರಕ್ಷತೆಯ ಕಾರಣ ಸುಳ್ಳಲ್ಲ, ಆದರೆ ಅಲ್ಲಿ ನಂಬಿಕೆಯ ಪಟ್ಟಿ ಕಂಪನಿಯ ಕೈಯಲ್ಲಿರುತ್ತೆ.

ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ಆ ಪಟ್ಟಿ ನಿಮ್ಮದು. ಕೀ ಸೇರಿಸೋದು, ತೆಗೆಯೋದು ಎರಡೂ ನಿಮ್ಮ ಹಕ್ಕು. 'ಟ್ರಸ್ಟೆಡ್=ಯೆಸ್' ಅಂತ ಬರೆದಾಗಲೆಲ್ಲ ನಾವು ಆ ಹಕ್ಕನ್ನು ಬಳಸದೇ ಬಿಸಾಡ್ತೀವಿ. ಬಳಕೆದಾರರಿಗೆ ತೀರ್ಮಾನ ಮಾಡೋಕೆ ಬರಲ್ಲ ಅನ್ನುವ ಕಂಪನಿಗಳಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ?