ಚಂದಾ ನಮ್ಮದು, ಆಯ್ಕೆ ಯಾರದು?

ಕಳೆದ ಗಣೇಶ ಚತುರ್ಥಿಯ ರಜೆಯಲ್ಲಿ ಮೊಮ್ಮಕ್ಕಳಿಗೆ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ತೋರಿಸಬೇಕೆಂದು ಬಯಸಿದ್ದೆ. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಆ ಮಕ್ಕಳಿಗೆ ಕನ್ನಡ ಕಿವಿಗೆ ಬೀಳುವುದು ಮನೆಯೊಳಗೆ ಮಾತ್ರ. ಅದಕ್ಕೆಂದೇ ಒಟಿಟಿ ಸಂಸ್ಥೆಯೊಂದಕ್ಕೆ ವರ್ಷದ ಚಂದಾ ಕಟ್ಟಿ, ಚಿತ್ರವನ್ನು ನನ್ನ ಪಟ್ಟಿಯಲ್ಲಿ ಸೇರಿಸಿಟ್ಟಿದ್ದೆ. ಮಕ್ಕಳು ಬಂದು ಕುಳಿತ ದಿನ ಆ ಚಿತ್ರವೇ ಕಾಣೆಯಾಗಿತ್ತು. ಬದಲಿಗೆ ಹಾಕಿದ ಹೊಸ ಕನ್ನಡ ಚಿತ್ರವೊಂದು ಹಿಂದಿಯಲ್ಲಿ ಮಾತನಾಡತೊಡಗಿತು. ಅದರ ಕನ್ನಡ ಧ್ವನಿ ಅಲ್ಲಿ ಇರಲೇ ಇಲ್ಲ. ಕೇಳಿದ್ದಕ್ಕೆ ಸಂಸ್ಥೆಯಿಂದ ಬಂದ ಉತ್ತರ ಒಂದೇ ಸಾಲಿನದು: ಹಕ್ಕಿನ ಅವಧಿ ಮುಗಿದಿದೆ.

ವ್ಯವಹಾರದ ದೃಷ್ಟಿಯಿಂದ ಈ ಉತ್ತರ ಸುಳ್ಳಲ್ಲ. ಈ ಸಂಸ್ಥೆಗಳು ಅನೇಕ ಚಿತ್ರಗಳ ಪ್ರಸಾರದ ಹಕ್ಕನ್ನು ನಿರ್ದಿಷ್ಟ ಅವಧಿಗೆ ಮಾತ್ರ ಪಡೆದಿರುತ್ತವೆ. ಒಂದೇ ಚಿತ್ರದ ಮೂಲ ಭಾಷೆಯ ಹಕ್ಕು ಒಬ್ಬರಲ್ಲಿ, ಹಿಂದಿ ಅವತರಣಿಕೆಯ ಹಕ್ಕು ಮತ್ತೊಬ್ಬರಲ್ಲಿ ಇರುವುದುಂಟು. ನಾವು ಹಣ ಕೊಟ್ಟು ಪಡೆಯುವುದು ಚಿತ್ರವನ್ನಲ್ಲ, ಒಳಗೆ ಬರುವ ಅನುಮತಿಯನ್ನಷ್ಟೆ. ಆದರೆ ನನ್ನ ಪ್ರಶ್ನೆ ಬೇರೆ. ಹಾಲಿನ ಪೊಟ್ಟಣದ ಮೇಲೂ ದಿನಾಂಕ ಇರುತ್ತದೆ. ಚಿತ್ರ ಎಂದಿನವರೆಗೆ ಇರುತ್ತದೆ, ಯಾವ ಭಾಷೆಯಲ್ಲಿದೆ ಎಂಬುದನ್ನು ಚಂದಾ ಪಡೆಯುವ ಮೊದಲೇ ಸ್ಪಷ್ಟವಾಗಿ ತಿಳಿಸಲು ಏನು ಅಡ್ಡಿ?

ಕೊಟ್ಟ ಮಾತು ನಡುವೆಯೇ ಬದಲಾಗುವುದು ಇನ್ನೊಂದು ಸಂಕಟ. 2025ರ ಜೂನ್ 17ರಿಂದ ಪ್ರೈಮ್ ವಿಡಿಯೋ ಭಾರತದಲ್ಲಿ ತನ್ನ ಚಂದಾದಾರರಿಗೂ ಜಾಹೀರಾತು ತೋರಿಸತೊಡಗಿತು. ಅದು ಬೇಡವಾದವರು ತಿಂಗಳಿಗೆ 129 ರೂಪಾಯಿ ಅಥವಾ ವರ್ಷಕ್ಕೆ 699 ರೂಪಾಯಿ ಹೆಚ್ಚಿಗೆ ತೆರಬೇಕೆಂದು ಆಗ ಪ್ರಕಟಿಸಲಾಯಿತು. ಮೊದಲು ಚಂದಾದಲ್ಲೇ ಅಡಗಿದ್ದ ನೆಮ್ಮದಿಗೆ ಈಗ ಬೇರೆಯೇ ಬೆಲೆ.

‘ಬೇಡವಾದರೆ ಬಿಡಿ’ ಎನ್ನುವವರಿದ್ದಾರೆ. ಒಳನಾಡಿನವರಿಗೆ ಆ ಮಾತು ಒಪ್ಪಬಹುದು. ಅವರ ಊರಿನಲ್ಲಿ ಕನ್ನಡ ಚಿತ್ರಮಂದಿರವಿದೆ. ನಮಗೆ ಬಿಡುಗಡೆಯ ವಾರದಲ್ಲಿ ಒಂದೆರಡು ಪ್ರದರ್ಶನ ದೊರೆತರೆ ಅದೇ ಪುಣ್ಯ. ಈ ಸಂಸ್ಥೆಗಳಿಂದ ನಮಗಾದ ಉಪಕಾರವನ್ನೂ ನಾನು ಮರೆತಿಲ್ಲ. 2020ರ ಜುಲೈನಲ್ಲಿ ‘ಲಾ’, ‘ಫ್ರೆಂಚ್ ಬಿರಿಯಾನಿ’ ಚಿತ್ರಗಳು ನೇರವಾಗಿ ಮನೆಗೇ ಬಂದಾಗ ಬೆಂಗಳೂರಿನವರು ನೋಡಿದ ದಿನವೇ ನಾವೂ ನೋಡಿದೆವು. ಆದರೆ 2024ರಲ್ಲಿ, ಯಾವ ಒಟಿಟಿ ಸಂಸ್ಥೆಯೂ ಮುಂದೆ ಬಾರದಿದ್ದಾಗ, ರಕ್ಷಿತ್ ಶೆಟ್ಟಿಯವರ ಬಳಗ ‘ಏಕಂ’ ಸರಣಿಯನ್ನು ತನ್ನದೇ ಜಾಲತಾಣದಲ್ಲಿ ಬಿಡುಗಡೆ ಮಾಡಬೇಕಾಯಿತು. ಕನ್ನಡದ ಚಂದಾ ಬೇಕು, ಕನ್ನಡದ ಕೃತಿ ಬೇಡ ಎಂಬ ಈ ಧೋರಣೆಯನ್ನು ನಾವು ಎಷ್ಟು ಕಾಲ ಸಹಿಸಬೇಕು?

ಗ್ರಾಹಕರಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಬೆಂಬಲವಿದೆ. ಚಂದಾ ರದ್ದುಪಡಿಸುವುದನ್ನು ಬೇಕೆಂದೇ ತೊಡಕಾಗಿಸುವಂಥ ತಂತ್ರಗಳನ್ನು 2023ರ ನವೆಂಬರಿನಲ್ಲಿ ಹೊರಬಂದ ಕೇಂದ್ರದ ಮಾರ್ಗಸೂಚಿಗಳು ನಿಷೇಧಿಸಿವೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲೇ ದೂರು ಹೇಳಬಹುದು. ಆದರೆ ಒಬ್ಬೊಬ್ಬರ ದೂರು ಒಂಟಿ ದನಿಯಾಗಿಯೇ ಉಳಿಯುತ್ತದೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳ ಸಂಘಗಳು ಸೇರಿ ಒಂದು ಮನವಿ ಸಲ್ಲಿಸಲಿ. ಕನ್ನಡ ಚಿತ್ರಕ್ಕೆ ಕನ್ನಡ ಧ್ವನಿ ಇರಲಿ, ಅವಧಿಯ ದಿನಾಂಕ ಇರಲಿ, ಷರತ್ತು ಬದಲಾದರೆ ಉಳಿದ ತಿಂಗಳುಗಳ ಹಣ ಹಿಂದಿರುಗಲಿ. ಇಷ್ಟೇ ನಮ್ಮ ಕೇಳಿಕೆಯಾಗಲಿ. ಜೊತೆಗೆ, ಪುಸ್ತಕ ಕೂಡಿಟ್ಟಂತೆಯೇ ಚಿತ್ರಗಳ ಡಿವಿಡಿಗಳನ್ನೂ ನಮ್ಮ ಗ್ರಂಥಾಲಯಗಳು ಕಾಪಾಡಲಿ.

ಅಂದ ಹಾಗೆ, ನನ್ನ ಮೊಮ್ಮಕ್ಕಳು ಕೊನೆಗೂ ‘ನಾಗರಹಾವು’ ನೋಡಿದರು. ಸಂಘದ ಹಿರಿಯ ಸದಸ್ಯರೊಬ್ಬರು ಕಪಾಟಿನಲ್ಲಿ ಜೋಪಾನವಾಗಿಟ್ಟಿದ್ದ ಹಳೆಯ ಡಿವಿಡಿಯಲ್ಲಿ.