ತುಂಬೆ ನೀರಲ್ಲಿ ಉಳ್ಳಾಲ, ಮೂಲ್ಕಿಗೆ ಪಾಲೆಷ್ಟು? ಕಾಗದದಲ್ಲಿ ಬರಲಿ

ಮಾರ್ಚ್ ಕಳೆಯಿತೆಂದರೆ ನಮ್ಮ ಜಿಲ್ಲೆಯಲ್ಲಿ ಚಿನ್ನದ ರೇಟಿನಷ್ಟೇ ಆಸಕ್ತಿಯಿಂದ ಜನ ನೋಡುವ ಇನ್ನೊಂದು ಅಂಕಿ ಉಂಟು. ತುಂಬೆಯಲ್ಲಿ ಇವತ್ತು ಎಷ್ಟು ಮೀಟರ್? ಆರು ಇದ್ದರೆ ನೆಮ್ಮದಿ. ಐದಕ್ಕೆ ಇಳಿದರೆ ಸಣ್ಣ ಚಿಂತೆ. ನಾಲ್ಕರ ಹತ್ತಿರ ಬಂತೆಂದರೆ ಸಭೆಗಳು ಶುರು, ಹೋಟೆಲಿನವರು ಟ್ಯಾಂಕರಿನವರ ನಂಬರ್ ಹುಡುಕಲು ಶುರು.

ಈ ಅಂಕಿಯನ್ನು ನೋಡುವವರು ಮಂಗಳೂರು ನಗರದವರು ಮಾತ್ರ ಅಲ್ಲ. ನೇತ್ರಾವತಿಯ ತೆಂಕು ದಡದ ಉಳ್ಳಾಲದವರೂ ನೋಡುತ್ತಾರೆ, ನಗರದಿಂದ ಸುಮಾರು 30 ಕಿ.ಮೀ. ಉತ್ತರಕ್ಕಿರುವ ಮೂಲ್ಕಿಯವರೂ ನೋಡುತ್ತಾರೆ. ಮಂಗಳೂರು ಮಹಾನಗರ ಪಾಲಿಕೆ ತುಂಬೆಯಿಂದ ಎತ್ತುವ ನೀರಿನಲ್ಲಿ ಒಂದು ಪಾಲನ್ನು ಈ ಊರುಗಳಿಗೂ ಕೊಡುತ್ತದೆ. ಪಾಲಿಕೆ ಮಾರುವವರ ಜಾಗದಲ್ಲಿ, ಉಳ್ಳಾಲ ನಗರಸಭೆ ಮತ್ತು ಮೂಲ್ಕಿ ನಗರ ಪಂಚಾಯತ್ ಕೊಳ್ಳುವವರ ಜಾಗದಲ್ಲಿ. ನಲ್ಲಿ ತಿರುಗಿಸಿ ಗಾಳಿಯ ಶಬ್ದ ಕೇಳುವವರು ನಾವು, ನೀವು.

ಮಳೆಗಾಲದಲ್ಲಿ ಈ ವ್ಯವಹಾರ ಯಾರ ಕಣ್ಣಿಗೂ ಬೀಳುವುದಿಲ್ಲ. ಬೇಸಿಗೆ ಬಂದರೆ ಮಾತ್ರ "ನಮಗೇ ಇಲ್ಲ, ಹೊರಗಿನವರಿಗೆ ಎಲ್ಲಿಂದ ಕೊಡೋದು?" ಅನ್ನುವ ಮಾತು ಅಲ್ಲಿಂದ, "ಹಣ ಕೊಟ್ಟೂ ನೀರಿಲ್ಲ" ಅನ್ನುವ ಮಾತು ಇಲ್ಲಿಂದ. ಈ ಎರಡೂ ಮಾತಿನ ಹಿಂದೆ ಲೆಕ್ಕ ಎಷ್ಟಿದೆ ಅಂತ ಒಮ್ಮೆ ಕೂತು ನೋಡೋಣ.

ನೂರರಲ್ಲಿ ಆರು

ಪಾಲಿಕೆ ತುಂಬೆಯಿಂದ ದಿನಕ್ಕೆ ಎತ್ತುವುದು ಸುಮಾರು 160 ಎಂಎಲ್‌ಡಿ. ಎಂಎಲ್‌ಡಿ ಅಂದರೆ ದಿನಕ್ಕೆ 10 ಲಕ್ಷ ಲೀಟರ್. ಹಾಗಾಗಿ 16 ಕೋಟಿ ಲೀಟರ್. 2011ರ ಜನಗಣತಿಯಲ್ಲಿ ಪಾಲಿಕೆಯ ಜನಸಂಖ್ಯೆ 5 ಲಕ್ಷದ ಹತ್ತಿರ ಇತ್ತು. ಆ ಲೆಕ್ಕ ಹಿಡಿದರೆ ತಲೆಗೆ 320 ಲೀಟರ್ ಬೀಳುತ್ತದೆ. ಈಗ ಜನ ಹೆಚ್ಚಾಗಿದ್ದಾರೆ, ಆರೂವರೆ ಲಕ್ಷ ಅಂತಲೇ ಇಟ್ಟುಕೊಳ್ಳಿ, ಆಗಲೂ 245 ಲೀಟರ್ ದಾಟುತ್ತದೆ. ಒಳಚರಂಡಿ ಇರುವ ಊರಿಗೆ ಕೇಂದ್ರ ಸರಕಾರದ ಮಾನದಂಡ ತಲೆಗೆ 135 ಲೀಟರ್, ಮಹಾನಗರಗಳಿಗಾದರೆ 150. ಆಸ್ಪತ್ರೆ, ಹಾಸ್ಟೆಲ್, ಹೋಟೆಲ್, ದಿನಾ ಬಂದು ಹೋಗುವ ಜನ ಎಲ್ಲ ಸೇರಿಸಿದರೂ ಕಾಗದದ ಮೇಲೆ ಕೊರತೆ ಕಾಣುವುದಿಲ್ಲ.

ಇನ್ನು ನೆರೆಯ ಊರುಗಳನ್ನು ನೋಡಿ. ಅದೇ ಜನಗಣತಿಯಲ್ಲಿ ಮೂಲ್ಕಿ ಪಟ್ಟಣದ ಜನಸಂಖ್ಯೆ 17 ಸಾವಿರದಷ್ಟು, ಉಳ್ಳಾಲದ್ದು 53 ಸಾವಿರದಷ್ಟು. ಇಬ್ಬರಿಗೂ ತಲೆಗೆ 135 ಲೀಟರಿನಂತೆ ಒಂದು ಹನಿ ಕಡಿಮೆ ಮಾಡದೆ ಕೊಟ್ಟರೆ ಮೂಲ್ಕಿಗೆ ಬೇಕಾದ್ದು 23 ಲಕ್ಷ ಲೀಟರ್, ಉಳ್ಳಾಲಕ್ಕೆ 72 ಲಕ್ಷ ಲೀಟರ್. ಎರಡೂ ಸೇರಿ ಒಂದು ಕೋಟಿಯ ಒಳಗೆ. 16 ಕೋಟಿಯಲ್ಲಿ ಇದು ನೂರಕ್ಕೆ ಆರು. ಮೂಲ್ಕಿಯದ್ದು ಮಾತ್ರ ತೆಗೆದರೆ ನೂರಕ್ಕೆ ಒಂದೂವರೆ.

ಇದು ಅಗತ್ಯದ ಲೆಕ್ಕ ಮಾತ್ರ, ನಿಜಕ್ಕೂ ಬರುವ ನೀರಿನ ಲೆಕ್ಕ ಅಲ್ಲ. ಈ ಪೂರ್ತಿ ಅಗತ್ಯವೂ ಪಾಲಿಕೆಯ ಪೈಪಿನಿಂದಲೇ ತುಂಬಬೇಕು ಅಂತಲೂ ಇಲ್ಲ, ಬಾವಿ, ಕೊಳವೆಬಾವಿ ಇದ್ದೇ ಇವೆ. ಆದರೂ ಈ ಆರನ್ನು ಇನ್ನೊಂದು ಅಂಕಿಯ ಪಕ್ಕದಲ್ಲಿ ಇಟ್ಟು ನೋಡಬೇಕು. ದುಡ್ಡು ಬಾರದ ನೀರು, ಅಂದರೆ ಸೋರಿಕೆ, ಕಳ್ಳ ಸಂಪರ್ಕ, ಓಡದ ಮೀಟರ್ ಎಲ್ಲ ಸೇರಿ ನೂರಕ್ಕೆ 20 ದಾಟಬಾರದು ಅಂತ ಕೇಂದ್ರ ನಗರಾಭಿವೃದ್ಧಿ ಸಚಿವಾಲಯ 2008ರಲ್ಲೇ ಗುರಿ ಹಾಕಿದೆ. ಆ ಗುರಿಯನ್ನು ಮುಟ್ಟಿದರೂ 16 ಕೋಟಿಯಲ್ಲಿ 3 ಕೋಟಿ 20 ಲಕ್ಷ ಲೀಟರ್ ಹೋಗುತ್ತದೆ. ಎಂದರೆ ಒಳ್ಳೆಯ ನಗರಕ್ಕೆ ಮಾಫಿ ಇರುವ ಸೋರಿಕೆಯೇ ಎರಡು ಊರುಗಳ ಅಗತ್ಯದ ಮೂರು ಪಟ್ಟು! ಹಾಗಿರುವಾಗ ನಗರದ ನಲ್ಲಿ ಒಣಗಿದ್ದಕ್ಕೆ ಉಳ್ಳಾಲ, ಮೂಲ್ಕಿಯ ಕಡೆ ಬೆರಳು ತೋರಿಸುವುದು ಲೆಕ್ಕಕ್ಕೆ ಕೂರುವುದಿಲ್ಲ.

ಪೈಪಿನ ಕೊನೆಯ ಮನೆ

ಪಾಲು ಸಣ್ಣದು ಅಂದ ಮೇಲೆ ತೊಂದರೆ ಎಲ್ಲಿ? ಪೈಪಿನ ಕೊನೆಯಲ್ಲಿ ಇರುವುದೇ ತೊಂದರೆ. ತೋಟಕ್ಕೆ ನೀರು ಬಿಟ್ಟು ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತುಂಬೆಯಲ್ಲಿ ಒಂದು ಗಂಟೆ ಕರೆಂಟ್ ಹೋದರೆ ಪಂಪ್ ಒಂದು ಗಂಟೆ ನಿಂತಿತು ಅಷ್ಟೆ ಅಲ್ಲ. ಇಳಿದುಹೋದ ಪೈಪು ಮತ್ತೆ ತುಂಬಬೇಕು, ನಡುವಿನ ಟ್ಯಾಂಕುಗಳು ತುಂಬಬೇಕು, ಒತ್ತಡ ಕೊನೆಯ ತನಕ ತಲುಪಬೇಕು. ಹತ್ತಿರದವರಿಗೆ ಒಂದು ಗಂಟೆ ತಡವಾದದ್ದು ಕೊನೆಯವರಿಗೆ ಅರ್ಧ ದಿನ ಆಗುತ್ತದೆ. ದಾರಿಯಲ್ಲಿ ವಾಲ್ವ್ ತಿರುಗಿಸುವ ಕೈಗಳೂ ಇವೆ. ಬೇಸಿಗೆಯಲ್ಲಿ ಆ ಕೈಗಳ ಮೇಲೆ ಯಾರ ಫೋನ್ ಹೆಚ್ಚು ಬರುತ್ತದೆ, ಹತ್ತಿರದ ವಾರ್ಡಿನವರದೋ ದೂರದ ಊರಿನವರದೋ, ನೀವೇ ಹೇಳಿ.

2019ರ ಬೇಸಿಗೆಯಲ್ಲಿ ನಗರದಲ್ಲಿ ನೀರಿಗೆ ರೇಷನಿಂಗ್ ಬಂತು. 2023ರ ಮೇ ತಿಂಗಳಲ್ಲಿ ಮತ್ತೆ ಬಂತು, ದಿನ ಬಿಟ್ಟು ದಿನ. ಆ ಸಲ ಕೆಳಗಿನ ಅಡ್ಯಾರ್–ಹರೇಕಳ ಅಣೆಕಟ್ಟಿನಲ್ಲಿ ನಿಂತ ನೀರನ್ನು ಪಂಪ್ ಹಚ್ಚಿ ಹಿಂದಕ್ಕೆ ತುಂಬೆಗೆ ಹಾಕಬೇಕಾಯಿತು. ನದಿ ಸಮುದ್ರದ ಕಡೆಗೆ, ನೀರು ಘಟ್ಟದ ಕಡೆಗೆ! ಇಂಥ ದಿನಗಳಲ್ಲಿ ನಗರದ ಯಾವ ವಾರ್ಡಿಗೆ ಯಾವ ದಿನ ಅನ್ನುವ ಪಟ್ಟಿ ಪೇಪರಿನಲ್ಲಿ ಬರುತ್ತದೆ. ಸಗಟಾಗಿ ಕೊಳ್ಳುವ ಊರಿಗೆ ಎಷ್ಟು ಲೀಟರ್, ಯಾವ ಗಂಟೆಗೆ ಅನ್ನುವ ಪಟ್ಟಿಯೂ ಅದೇ ಪುಟದಲ್ಲಿ ಬರಬೇಕಿತ್ತಲ್ಲ? ಪಟ್ಟಿ ಸಿಕ್ಕರೆ ಅಂಗಡಿಯವರು, ಕ್ಯಾಂಟೀನಿನವರು, ಮದುವೆ ಹಾಲ್‌ನವರು ಮೊದಲೇ ಟ್ಯಾಂಕರಿಗೆ ಹೇಳಿಡಬಹುದು. ಇಲ್ಲದಿದ್ದರೆ ಬೆಳಗ್ಗೆ ಆರಕ್ಕೆ ಶಟರ್ ತೆಗೆದು ಡ್ರಮ್ ಒಳಗೆ ಇಣುಕಿದಾಗಲೇ ಗೊತ್ತಾಗುವುದು. ಅವಸರದ ಟ್ಯಾಂಕರಿಗೆ ಅವರು ಕೇಳಿದ್ದೇ ರೇಟು.

ನಮ್ಮಲ್ಲಿ ಮನೆಗೊಂದು ಬಾವಿ ಇರುವಾಗ ಇಷ್ಟು ಚಿಂತೆ ಯಾಕೆ ಅಂತ ಘಟ್ಟದ ಮೇಲಿನವರು ಕೇಳುವುದುಂಟು. ಉಳ್ಳಾಲದ ಕಡಲ ಬದಿಗೆ ಬಂದು ಏಪ್ರಿಲ್‌ನಲ್ಲಿ ಒಂದು ಕೊಡ ಸೇದಿ ಬಾಯಿಗೆ ಹಾಕಿ ನೋಡಲಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಅಳಿವೆಯಿಂದ ಉಪ್ಪು ನೀರು ಏರುವ ನದಿ. ಬಾವಿಯಲ್ಲಿ ನೀರು ಇರುತ್ತದೆ, ಚಹಾಕ್ಕೆ ಆಗುವುದಿಲ್ಲ.

ನೂರು ಕೊಂಡು ನಲ್ವತ್ತೆರಡಕ್ಕೆ ಹಣ

ಕೊಳ್ಳುವ ಸ್ಥಳೀಯ ಸಂಸ್ಥೆಗಳ ಕಡೆ ತಪ್ಪಿಲ್ಲ ಅಂತಲ್ಲ. ಸಗಟು ನೀರಿನ ವ್ಯಾಪಾರ ಅವರಿಗೆ ಯಾಕೆ ನಷ್ಟದ ಬಾಬ್ತು ಆಗುತ್ತದೆ ಅನ್ನುವುದು ದಿನಸಿ ಅಂಗಡಿ ನಡೆಸಿದವರಿಗೆ ಚೆನ್ನಾಗಿ ಅರ್ಥ ಆಗುತ್ತದೆ.

ಲೆಕ್ಕಕ್ಕೆ ಸುಲಭವಾಗಲಿ ಅಂತ ಒಂದು ಉದಾಹರಣೆ ಹಿಡಿಯೋಣ. ಊರಿನ ಗಡಿಯಲ್ಲಿ ಸಾವಿರ ಲೀಟರಿಗೆ 10 ರೂಪಾಯಿಯಂತೆ 100 ಸಾವಿರ ಲೀಟರ್ ಕೊಂಡರು. ಕೊಟ್ಟ ಹಣ 1,000 ರೂಪಾಯಿ. ಊರ ಒಳಗಿನ ಹಳೆ ಪೈಪಿನಲ್ಲಿ, ಮೀಟರ್ ಇಲ್ಲದ ಸಂಪರ್ಕಗಳಲ್ಲಿ 40 ಹೋಯಿತು. ಬಿಲ್ ಆದದ್ದು 60. ಅದರಲ್ಲಿ ನೂರಕ್ಕೆ 70 ಮಂದಿ ಮಾತ್ರ ಸಮಯಕ್ಕೆ ಕಟ್ಟಿದರು. ಕೈಗೆ ಹಣ ಬಂದದ್ದು 42 ಸಾವಿರ ಲೀಟರಿಗೆ. ಕೊಂಡ ಹಣ ಮಾತ್ರ ಹುಟ್ಟಬೇಕಾದರೂ ಸಾವಿರ ಲೀಟರಿಗೆ 24 ರೂಪಾಯಿ ವಸೂಲಿ ಆಗಬೇಕು. ನೀರು ಬಿಡುವವರ ಸಂಬಳ, ಟ್ಯಾಂಕಿಗೆ ಏರಿಸುವ ಕರೆಂಟು, ಒಡೆದ ಪೈಪಿನ ರಿಪೇರಿ ಇನ್ನೂ ಸೇರಿಲ್ಲ. ಅಕ್ಕಿ ಮೂಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ದಾರಿಯಲ್ಲೇ ಚೆಲ್ಲಿ ಹೋದರೆ ಯಾವ ಅಂಗಡಿ ನಡೆಯುತ್ತದೆ ಮಾರಾಯ್ರೇ?

ನೀರಿನ ದರ ಏರಿಸುವ ಧೈರ್ಯ ಯಾವ ಸಭೆಗೂ ಇಲ್ಲ. ಹೀಗೆ ಬಾಕಿ ಬೆಳೆಯುತ್ತದೆ. ಬಾಕಿ ಬೆಳೆದ ಮೇಲೆ ಕೊಳ್ಳುವವನ ಬಾಯಿ ಕಟ್ಟಿತು. "ಮೊದಲು ಹಳೆ ಲೆಕ್ಕ ಚುಕ್ತಾ ಮಾಡಿ" ಅಂದರೆ ಬೇಸಿಗೆಯ ಪಾಲು ಕೇಳುವ ಗಂಟಲು ಎಲ್ಲಿಂದ ಬರಬೇಕು? ನನ್ನ ಮಟ್ಟಿಗೆ ಕೇಳಿದರೆ ಗಡಿಯ ಮೀಟರಿಗಿಂತ ಮೊದಲು ಆಗಬೇಕಾದ್ದು ಊರ ಒಳಗಿನ ಮೀಟರ್. ಬಿಲ್ ಕಟ್ಟದ 30 ಮಂದಿಯಲ್ಲಿ ನಾವು ಇದ್ದರೆ, ನೀರು ಬರಲಿಲ್ಲ ಅಂತ ಬೊಬ್ಬೆ ಹಾಕುವಾಗ ಸ್ವಲ್ಪ ಸಣ್ಣ ಸ್ವರದಲ್ಲಿ ಹಾಕಬೇಕಾಗುತ್ತದೆ.

ಯಾರ ನದಿ?

"ನಮ್ಮ ನೀರು" ಅನ್ನುವ ನಗರದವರ ಮಾತಿಗೂ ಒಂದು ಪ್ರಶ್ನೆ ಇದೆ. ತುಂಬೆ ಇರುವುದು ಬಂಟ್ವಾಳ ತಾಲೂಕಿನಲ್ಲಿ. ನೇತ್ರಾವತಿ ಘಟ್ಟದಿಂದ ಇಳಿದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಸೇರಿಸಿಕೊಂಡು, ಬಂಟ್ವಾಳ ದಾಟಿ ಬರುತ್ತದೆ. ಹಳೆ ಅಣೆಕಟ್ಟಿನ ಎತ್ತರ 4 ಮೀಟರ್ ಇತ್ತು. ಹೊಸ ಕಿಂಡಿ ಅಣೆಕಟ್ಟಿನಲ್ಲಿ ಮೊದಲು 5, ಆಮೇಲೆ 6 ಮೀಟರಿಗೆ ನೀರು ನಿಲ್ಲಿಸಿದಾಗ ಮೇಲಿನ ರೈತರ ಅಡಿಕೆ, ತೆಂಗಿನ ತೋಟಕ್ಕೆ ನೀರು ನುಗ್ಗಿತು. ಪರಿಹಾರಕ್ಕಾಗಿ ಅವರು ಎಷ್ಟು ಅಲೆದರು ಅನ್ನುವುದು ಆ ಭಾಗದ ಓದುಗರಿಗೆ ಗೊತ್ತಿದೆ. ಮೇಲೆ ಶಂಭೂರಿನಲ್ಲಿ ವಿದ್ಯುತ್ ಉತ್ಪಾದನೆಯ ಅಣೆಕಟ್ಟು ಇದೆ. ದೊಡ್ಡ ಕೈಗಾರಿಕೆಗಳೂ ಇದೇ ನದಿಯಿಂದ ನೀರು ಎತ್ತುತ್ತವೆ. ಬರದ ವರ್ಷಗಳಲ್ಲಿ ಕೈಗಾರಿಕೆಗಳ ನೀರು ಕಡಿತ ಮಾಡಿ ಕುಡಿಯಲು ಉಳಿಸುವ ಆದೇಶ ಬರುವುದು ಜಿಲ್ಲಾಡಳಿತದಿಂದ, ಪಾಲಿಕೆಯಿಂದ ಅಲ್ಲ.

ಹಾಗಾಗಿ ಪಾಲಿಕೆ ಮಾರುವುದು ನದಿಯನ್ನಲ್ಲ. ಎತ್ತಿದ್ದಕ್ಕೆ, ಶುದ್ಧ ಮಾಡಿದ್ದಕ್ಕೆ, ತಂದು ಮುಟ್ಟಿಸಿದ್ದಕ್ಕೆ ಅದು ಹಣ ಪಡೆಯುತ್ತದೆ. ಆ ಹಣ ಪೂರ್ತಿ ಸಲ್ಲಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬರಗಾಲದಲ್ಲಿ ಯಾರಿಗೆ ಎಷ್ಟು ಅನ್ನುವುದನ್ನು ಮಾರುವವರೊಬ್ಬರೇ ತೀರ್ಮಾನ ಮಾಡುವಂತಿಲ್ಲ. ಕುಡಿಯುವ ನೀರಿಗೆ ಮೊದಲ ಸ್ಥಾನ ಅಂತ ರಾಷ್ಟ್ರೀಯ ಜಲನೀತಿ ಹೇಳುತ್ತದೆ. ಮಂಗಳೂರಿನವರು ಕುಡಿಯುವ ನೀರಿಗೆ ಮೊದಲು, ಮೂಲ್ಕಿಯವರದ್ದಕ್ಕೆ ಆಮೇಲೆ ಅಂತ ಅಲ್ಲಿ ಬರೆದಿಲ್ಲ.

ನಮ್ಮದೇ ಮೂಲ ಮಾಡಿಕೊಂಡರೆ?

ಈ ಕಿರಿಕಿರಿಯೇ ಬೇಡ, ನಮ್ಮ ಊರಿಗೆ ನಮ್ಮದೇ ನೀರು ಅನ್ನುವವರಿದ್ದಾರೆ. ಮೂಲ್ಕಿಯ ಬದಿಯಲ್ಲೇ ಶಾಂಭವಿ ಹರಿಯುತ್ತದೆ. ಫಲ್ಗುಣಿಗೆ ಮಳವೂರಿನಲ್ಲಿ ಕಿಂಡಿ ಅಣೆಕಟ್ಟು ಕಟ್ಟಿ ಬಜಪೆ ಕಡೆಯ ಊರುಗಳಿಗೆ ನೀರು ಕೊಟ್ಟದ್ದನ್ನು ನೋಡಿದ್ದೇವೆ. ಎರಡನೇ ಮೂಲ ಬೇಕೇ ಬೇಕು ಅನ್ನುವುದಕ್ಕೆ ನನ್ನದೂ ಒಪ್ಪಿಗೆ. ಆದರೆ ಸಿಟ್ಟಿನಲ್ಲಿ ಹಳೆ ಪೈಪು ಕಡಿದುಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ದೂರದ ಒಂದು ಊರಿನ ಕತೆ ಇದೆ.

ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್. 1967ರಿಂದ ಅದು ನೆರೆಯ ಡೆಟ್ರಾಯ್ಟ್ ನಗರದಿಂದ ನೀರು ಕೊಳ್ಳುತ್ತಿತ್ತು. ದರ ಜಾಸ್ತಿಯಾಯಿತು ಅಂತ 2013ರಲ್ಲಿ ಬೇರೆ ಹೊಸ ಯೋಜನೆ ಸೇರಲು ತೀರ್ಮಾನಿಸಿತು. ಡೆಟ್ರಾಯ್ಟ್‌ನವರು ಒಂದು ವರ್ಷದ ನೋಟಿಸು ಕೊಟ್ಟು ಹಳೆ ಒಪ್ಪಂದ ಮುಗಿಸಿದರು. ಹೊಸ ಪೈಪು ಇನ್ನೂ ತಯಾರಾಗಿರಲಿಲ್ಲ. ಖರ್ಚು ಉಳಿಸುವ ಲೆಕ್ಕದಲ್ಲಿ 2014ರ ಏಪ್ರಿಲ್‌ನಲ್ಲಿ ಊರಿನ ನದಿಯ ನೀರನ್ನೇ ಶುದ್ಧ ಮಾಡಿ ಬಿಟ್ಟರು. ಪೈಪು ಕೊರೆಯದಂತೆ ಸೇರಿಸಬೇಕಾದ ರಾಸಾಯನಿಕ ಸೇರಿಸಲಿಲ್ಲ. ಹಳೆ ಪೈಪುಗಳ ಸೀಸ ಕರಗಿ ಮಕ್ಕಳ ರಕ್ತಕ್ಕೆ ಸೇರಿತು. 2015ರ ಅಕ್ಟೋಬರ್‌ನಲ್ಲಿ ಮತ್ತೆ ಡೆಟ್ರಾಯ್ಟ್ ನೀರಿಗೇ ಮರಳಬೇಕಾಯಿತು, ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ನಮ್ಮಲ್ಲಿ ಸೀಸದ ಬದಲು ಉಪ್ಪು, ಮೇಲಿನ ಪೇಟೆಗಳ ಕೊಳಚೆ. ಎಚ್ಚರ ಅಷ್ಟೇ ಬೇಕು.

ಹೊಸ ಮೂಲ ಬರುವ ತನಕ, ಬಂದ ಮೇಲೂ, ತುಂಬೆಯ ಪೈಪು ಇರಲಿ. ಅದಕ್ಕೊಂದು ಒಪ್ಪಂದ ಇರಲಿ, ಎಲ್ಲರೂ ಓದುವ ಹಾಗೆ ನೋಟಿಸ್ ಬೋರ್ಡಿನಲ್ಲಿ ಇರಲಿ. ತುಂಬೆಯಲ್ಲಿ 6 ಮೀಟರ್ ಇದ್ದಾಗ ನಮಗೆ ಎಷ್ಟು, 5ಕ್ಕೆ ಇಳಿದರೆ ಎಷ್ಟು, 4ಕ್ಕೆ ಇಳಿದರೆ ಎಷ್ಟು. ನಗರಕ್ಕೆ ನೂರಕ್ಕೆ 20 ಕಡಿತವಾದರೆ ನಮಗೂ 20, ನಮಗೆ ಮಾತ್ರ 50 ಅಲ್ಲ. ಗಡಿಯ ಮೀಟರನ್ನು ಇಬ್ಬರೂ ಒಟ್ಟಿಗೆ ನಿಂತು ಓದಲಿ. ಜಗಳ ಬಂದರೆ ಜಿಲ್ಲಾಧಿಕಾರಿ ಎಷ್ಟು ದಿನದಲ್ಲಿ ತೀರ್ಮಾನ ಕೊಡಬೇಕು ಅನ್ನುವುದೂ ಅದರಲ್ಲೇ ಬರಲಿ. ಇದನ್ನು ಮೇ ತಿಂಗಳಲ್ಲಿ ಕೇಳಿದರೆ ಯಾರೂ ಕೊಡುವುದಿಲ್ಲ. ಮಳೆ ನಿಂತು ತುಂಬೆಯ ಗೇಟು ಇಳಿಸುವ ಹೊತ್ತಿಗೆ, ಎಲ್ಲರ ತಲೆ ತಣ್ಣಗಿರುವಾಗ ಕೇಳಬೇಕು.

ಅಷ್ಟರ ತನಕ ಸುಮ್ಮನೆ ಕೂರಬೇಕಾಗಿಲ್ಲ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಉತ್ತರ ಕೊಡಲು 30 ದಿನ. ಕೇಳಬೇಕಾದ್ದು ಮೂರೇ ಸಾಲು: ನಮ್ಮ ಊರಿನ ಗಡಿಯ ಮೀಟರ್ ಎಲ್ಲಿದೆ? ಕಳೆದ ಮೇ ತಿಂಗಳಲ್ಲಿ ದಿನಾ ಅದರಲ್ಲಿ ದಾಖಲಾದದ್ದು ಎಷ್ಟು? ಆ ತಿಂಗಳು ನಮ್ಮ ಕಚೇರಿ ಜನರಿಗೆ ಬಿಲ್ ಮಾಡಿದ್ದು ಎಷ್ಟು?