ಎಲ್ಲ ‘ಕಿರಣ’ಗಳಿಗೂ ಒಂದೇ ವೇಗವೇ?

‘ಬೆಳಕಿನ ವೇಗ ಎಷ್ಟು?’ ಎಂದು ಕೇಳಿದರೆ ನಮ್ಮ ಶಾಲೆಗಳ ಮಕ್ಕಳು ‘ಸೆಕೆಂಡಿಗೆ ಮೂರು ಲಕ್ಷ ಕಿ.ಮೀ.’ ಎಂದು ಥಟ್ಟನೆ ಹೇಳುತ್ತಾರೆ. ಸಂತೋಷ. ಕ್ಷ-ಕಿರಣದ ವೇಗ? ಬೀಟಾ ಕಿರಣದ್ದು? ವಿಶ್ವಕಿರಣದ್ದು? ಇಲ್ಲಿ ಮಕ್ಕಳು ತಡವರಿಸುತ್ತಾರೆ. ತಪ್ಪು ಅವರದಲ್ಲ. ಎಲ್ಲಕ್ಕೂ ‘ಕಿರಣ’ ಎಂದೇ ಹೆಸರಿಟ್ಟಿದ್ದೇವೆ. ಹೆಸರು ಒಂದಾದ ಮಾತ್ರಕ್ಕೆ ಗುಣ ಒಂದಾಗದು. ಈ ವ್ಯತ್ಯಾಸವನ್ನು ಹಿರಿಯ ಪ್ರಾಥಮಿಕ ತರಗತಿಗಳಲ್ಲೇ ತಿಳಿಸಬೇಕೆಂಬುದು ನನ್ನ ಅಭಿಪ್ರಾಯ.

ರೇಡಿಯೋ ತರಂಗ, ಅವಕೆಂಪು, ಕಣ್ಣಿಗೆ ಕಾಣುವ ಬೆಳಕು, ನೇರಳಾತೀತ, ಕ್ಷ-ಕಿರಣ, ಗಾಮಾ ಕಿರಣ – ಇವೆಲ್ಲ ವಿದ್ಯುತ್ಕಾಂತೀಯ ತರಂಗಗಳು. ಇವುಗಳ ತರಂಗದೂರ ಬೇರೆ, ಶಕ್ತಿ ಬೇರೆ. ಆದರೆ ನಿರ್ವಾತದಲ್ಲಿ ಎಲ್ಲದರ ವೇಗವೂ ಒಂದೇ: ಸೆಕೆಂಡಿಗೆ ಸುಮಾರು 2,99,792 ಕಿ.ಮೀ. ಶಕ್ತಿ ಹೆಚ್ಚೆಂದು ಗಾಮಾ ಕಿರಣ ಹೆಚ್ಚು ಜೋರಾಗಿ ಓಡುವುದಿಲ್ಲ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ಪ್ರಯಾಣ. ರೇಡಿಯೋ ತರಂಗ ಅಷ್ಟು ದೂರವನ್ನು ಒಂದು ಸೆಕೆಂಡಿನ ಸುಮಾರು ಎಂಟು ಸಾವಿರದಲ್ಲಿ ಒಂದು ಪಾಲಿನಷ್ಟು ಹೊತ್ತಿನಲ್ಲಿ ದಾಟುತ್ತದೆ.

ಆಲ್ಫಾ, ಬೀಟಾ ‘ಕಿರಣ’ಗಳ ಕಥೆಯೇ ಬೇರೆ. ಇವು ಕಣಗಳ ಹರಿವು. ಆಲ್ಫಾ ಕಣದ ವೇಗ ಸಾಮಾನ್ಯವಾಗಿ ಬೆಳಕಿನ ವೇಗದ ಇಪ್ಪತ್ತರಲ್ಲಿ ಒಂದು ಭಾಗದಷ್ಟು. ಹಗುರವಾದ ಬೀಟಾ ಕಣ ಬೆಳಕಿನ ವೇಗದ ಹತ್ತಿರಕ್ಕೂ ಹೋಗಬಲ್ಲದು. ಆದರೆ ದ್ರವ್ಯರಾಶಿಯುಳ್ಳ ಯಾವ ಕಣವೂ ಆ ವೇಗವನ್ನು ಮುಟ್ಟಲಾರದು.

ಗುಂಡ್ಲುಪೇಟೆಯಿಂದ ಬಂಡೀಪುರ, ಮುದುಮಲೆ ದಾಟಿದರೆ ಸಿಗುವ ಊಟಿಯಲ್ಲಿ ಈ ಎರಡೂ ಗುಂಪುಗಳ ಅಧ್ಯಯನ ನಡೆದಿದೆ. 1970ರಲ್ಲಿ ಸಿದ್ಧವಾದ 530 ಮೀಟರ್ ಉದ್ದದ ರೇಡಿಯೋ ದೂರದರ್ಶಕ ಆಕಾಶದಿಂದ ಬರುವ ತರಂಗಗಳನ್ನು ಹಿಡಿಯುತ್ತದೆ. ಅಲ್ಲಿಯ ‘ಗ್ರೇಪ್ಸ್-3’ ಪ್ರಯೋಗ ವಿಶ್ವಕಿರಣಗಳಿಂದ ಹುಟ್ಟುವ ಮ್ಯೂಆನ್ ಕಣಗಳನ್ನು ಎಣಿಸುತ್ತದೆ. ಅವುಗಳ ವೇಗ ಬೆಳಕಿಗೆ ತೀರ ಹತ್ತಿರ, ಆದರೂ ಕಡಿಮೆಯೇ.

ಇಷ್ಟು ಸಣ್ಣ ವ್ಯತ್ಯಾಸವನ್ನು ಮಕ್ಕಳಿಗೇಕೆ ಹೇಳಬೇಕು ಎಂದು ಕೆಲವರು ಕೇಳಬಹುದು. ಎಲ್ಲ ಕಡೆಯೂ ವ್ಯತ್ಯಾಸ ಸಣ್ಣದಲ್ಲ. ಸೂರ್ಯನ ಬೆಳಕು ಸುಮಾರು 8 ನಿಮಿಷ 20 ಸೆಕೆಂಡಿನಲ್ಲಿ ಭೂಮಿಗೆ ಬರುತ್ತದೆ. ಸೂರ್ಯ ಒಮ್ಮೊಮ್ಮೆ ಉಗುಳುವ ವಿದ್ಯುದಾವೇಶದ ಕಣಗಳ ಮೋಡ ಬರಲು ಸಾಮಾನ್ಯವಾಗಿ ಒಂದರಿಂದ ಮೂರು-ನಾಲ್ಕು ದಿನ ಬೇಕು. ಇಂಥ ಸೌರ ಬಿರುಗಾಳಿಯಿಂದ 1989ರ ಮಾರ್ಚಿನಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಸುಮಾರು ಒಂಬತ್ತು ಗಂಟೆ ವಿದ್ಯುತ್ ಇರಲಿಲ್ಲ.

ಇಸ್ರೋದ ಆದಿತ್ಯ-ಎಲ್1 ನೌಕೆ 2024ರ ಜನವರಿ 6ರಂದು ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ದೂರದ ತನ್ನ ನೆಲೆ ಸೇರಿತು. ಅಲ್ಲಿಂದ ಹೊರಟ ರೇಡಿಯೋ ಸಂಕೇತ 5 ಸೆಕೆಂಡಿನಲ್ಲಿ ನಮ್ಮನ್ನು ತಲುಪುತ್ತದೆ. ಸೆಕೆಂಡಿಗೆ 500 ಕಿ.ಮೀ. ವೇಗದ ಸೂರ್ಯನ ಕಣಗಳಿಗೆ ಅದೇ ದೂರಕ್ಕೆ 3,000 ಸೆಕೆಂಡು, ಅಂದರೆ 50 ನಿಮಿಷ ಬೇಕು. ಉಪಗ್ರಹಗಳನ್ನೂ ವಿದ್ಯುತ್ ಜಾಲವನ್ನೂ ಕಾಪಾಡಿಕೊಳ್ಳಲು ಸಿಗುವ ಎಚ್ಚರಿಕೆಯ ಸಮಯ ಈ ವ್ಯತ್ಯಾಸದಿಂದಲೇ ಬಂದದ್ದು.

ಇದನ್ನು ಕಲಿಸಲು ಪ್ರಯೋಗಾಲಯ ಬೇಡ. ಕರಿಹಲಗೆಯ ಮೇಲೆ ‘ತರಂಗ’, ‘ಕಣ’ ಎಂದು ಎರಡು ಪಟ್ಟಿ ಬರೆದು, ಪ್ರತಿ ‘ಕಿರಣ’ವೂ ಯಾವುದಕ್ಕೆ ಸೇರುತ್ತದೆ ಎಂದು ಮಕ್ಕಳಿಂದಲೇ ಹೇಳಿಸೋಣ. ಮೇಲಿನ ಭಾಗಾಕಾರಗಳನ್ನು ಅವರೇ ಮಾಡಲಿ. ಅಂಕಿ ಮರೆತರೆ ಪುಸ್ತಕದಲ್ಲಿ ಸಿಗುತ್ತದೆ, ‘ಯಾವ ಕಿರಣ?’ ಎಂದು ಕೇಳುವ ಅಭ್ಯಾಸವನ್ನು ತರಗತಿಯಲ್ಲೇ ಬೆಳೆಸಬೇಕು.